ಮುಖ ಎಲ್ಲೆಲ್ಲೂ ಇದೆ, ಪಾಲು ಎಲ್ಲಿದೆ? ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್‌ನ ಲೆಕ್ಕ

2025ರ ಸೆಪ್ಟೆಂಬರ್ 17ರ ರಾತ್ರಿ ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್‌ನಲ್ಲಿ ಕೂತಿದ್ದೆ. ಅದು ಐಸ್ ಹಾಕಿ ತಂಡದ ಮನೆ. ಅವತ್ತು ಮಾತ್ರ ನೇರಳೆ ಬಣ್ಣದ ಶರ್ಟ್ ತೊಟ್ಟ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಅದನ್ನು ತುಂಬಿಕೊಂಡಿದ್ದರು. ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಆ ವರ್ಷವಷ್ಟೇ ಹುಟ್ಟಿದ ಮಹಿಳಾ ತಂಡ. ಮೊದಲ ವರ್ಷದಲ್ಲೇ ಪ್ಲೇಆಫ್ ತಲುಪಿದೆ. ಡಬ್ಲ್ಯುಎನ್‌ಬಿಎ ಚರಿತ್ರೆಯಲ್ಲಿ ಬೇರೆ ಯಾವ ಹೊಸ ತಂಡವೂ ಹೀಗೆ ಮಾಡಿರಲಿಲ್ಲ. ಆ ರಾತ್ರಿ ಮಿನೆಸೋಟ ಲಿಂಕ್ಸ್ ವಿರುದ್ಧ 17 ಅಂಕಗಳ ಮುನ್ನಡೆ ಸಾಧಿಸಿ, ಅದನ್ನು ಕಳೆದುಕೊಂಡು, 74-75ರಲ್ಲಿ ಸೋತರು. ಒಂದೇ ಒಂದು ಅಂಕ! ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅವಳಪ್ಪನ ಕಣ್ಣೂ ಒದ್ದೆಯಾಗಿತ್ತು.

ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಇನ್ನೊಂದು ವಿಷಯ. ಈ ಪಂದ್ಯ ಅಲ್ಲಿ ನಡೆಯಬೇಕಾದ್ದೇ ಅಲ್ಲ. ವಾಲ್ಕಿರೀಸ್‌ನ ಸ್ವಂತ ಮನೆ ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್. ಇಡೀ ಸೀಸನ್‌ನಲ್ಲಿ ತವರಿನ ಒಂದೊಂದು ಪಂದ್ಯಕ್ಕೂ ಅಲ್ಲಿ ಟಿಕೆಟ್ ಖಾಲಿ. ಒಂದು ಸೀಟೂ ಬಿಡದೆ ಪ್ರತಿ ಸಲ 18,064 ಜನ. ಅಂಥ ತಂಡ ವರ್ಷದ ಅತಿ ಮುಖ್ಯ ಪಂದ್ಯಕ್ಕೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಬರಬೇಕಾಯ್ತು. ಯಾಕೆಂದರೆ ಆ ವಾರ ಚೇಸ್ ಸೆಂಟರನ್ನು ಲೇವರ್ ಕಪ್ ಟೆನಿಸ್‌ಗೆ ಕೊಟ್ಟಾಗಿತ್ತು. ಮನೆ ತುಂಬಿಸುವವರೂ ಮನೆಯ ಯಜಮಾನರೂ ಒಬ್ಬರೇ ಆಗಿರಬೇಕಿಲ್ಲವಲ್ಲ!

ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್‌ನ 2025ರ ಜಗಳ ಹೆಚ್ಚುಕಡಿಮೆ ಇದೇ ಆಗಿತ್ತು. ಆಟಗಾರ್ತಿಯರು ಮತ್ತು ಲೀಗ್ ನಡುವಿನ ಸಾಮೂಹಿಕ ಒಪ್ಪಂದ 2025ರ ಅಕ್ಟೋಬರ್ 31ಕ್ಕೆ ಮುಗಿಯಬೇಕಿತ್ತು. ಆಗಿನ್ನೂ ಹೊಸ ಒಪ್ಪಂದ ಆಗಿರಲಿಲ್ಲ. ಗಡುವು ಮುಂದೆ ಹೋಗಬಹುದಿತ್ತು, ಮುಷ್ಕರ ಆಗಬಹುದಿತ್ತು, ಮಾಲೀಕರೇ ಬಾಗಿಲು ಹಾಕಬಹುದಿತ್ತು. ಲೀಗ್‌ನ ಅಲ್ಲಿಯವರೆಗಿನ 29 ವರ್ಷದ ಬದುಕಿನಲ್ಲಿ ಇಷ್ಟು ಜನಪ್ರಿಯತೆ ಎಂದೂ ಇರಲಿಲ್ಲ. ಆ ಜನಪ್ರಿಯತೆಯೇ ಆಗ ಜಗಳದ ಮೂಲ.

ಈ ಹುಡುಗಿಯರು ಎಲ್ಲಿಲ್ಲ ಹೇಳಿ! 2025ರ ಅಕ್ಟೋಬರ್ 15ರಂದು, ಆಗ ಶಿಕಾಗೋ ಸ್ಕೈ ತಂಡದಲ್ಲಿದ್ದ ಏಂಜಲ್ ರೀಸ್ ನ್ಯೂಯಾರ್ಕಿನ ವಿಕ್ಟೋರಿಯಾಸ್ ಸೀಕ್ರೆಟ್ ಫ್ಯಾಷನ್ ಶೋನಲ್ಲಿ ರೆಕ್ಕೆ ಕಟ್ಟಿಕೊಂಡು ನಡೆದಳು. ಆ ವೇದಿಕೆಯ ಮೇಲೆ ನಡೆದ ಮೊದಲ ವೃತ್ತಿಪರ ಕ್ರೀಡಾಪಟು ಆಕೆ. ಎನ್‌ಬಿಎ 2ಕೆ26 ವಿಡಿಯೋ ಗೇಮ್‌ನ ಒಂದು ಆವೃತ್ತಿಯ ಮುಖಪುಟದಲ್ಲೂ ಆಕೆಯೇ. ಇಂಡಿಯಾನ ಫೀವರ್‌ನ ಕೇಟ್ಲಿನ್ ಕ್ಲಾರ್ಕ್ ವಿಮೆ ಕಂಪನಿಯ ಜಾಹೀರಾತಿನಲ್ಲಿ, ಟೈಮ್ ಪತ್ರಿಕೆಯ ಮುಖಪುಟದಲ್ಲಿ. ಲಾಸ್ ವೇಗಾಸ್ ಏಸಸ್‌ನ ಏಜಾ ವಿಲ್ಸನ್ ಹೆಸರಿನ ನೈಕಿ ಶೂ 2025ರ ಮೇ ತಿಂಗಳು ಮಾರುಕಟ್ಟೆಗೆ ಬಂದು ನಿಮಿಷಗಳಲ್ಲಿ ಖಾಲಿಯಾಯ್ತು. ನ್ಯೂಯಾರ್ಕ್ ಲಿಬರ್ಟಿ ತಂಡದ ಎಲ್ಲಿ ಎಂಬ ಆನೆ ಗೊಂಬೆಗೇ ಅಭಿಮಾನಿ ಬಳಗ ಇದೆ. ಉದ್ದ ಜಡೆ ಬೀಸಿಕೊಂಡು ಅದು ಕುಣಿಯೋದನ್ನು ನೋಡೋಕೆ ಅಂತಲೇ ಜನ ಬರ್ತಾರೆ. ಪಂದ್ಯಕ್ಕೆ ಮೊದಲು ಆಟಗಾರ್ತಿಯರು ಬಸ್ಸಿಳಿದು ಡ್ರೆಸಿಂಗ್ ರೂಮಿಗೆ ಹೋಗುವ ಓಣಿ ಇದೆಯಲ್ಲ, ಅದೇ ಈಗ ಫ್ಯಾಷನ್ ಪತ್ರಿಕೆಗಳ ರ‍್ಯಾಂಪ್. ವಾಲ್ಕಿರೀಸ್ ಅಭ್ಯಾಸ ಮಾಡುವ ಜಾಗಕ್ಕೆ ಸೆಫೋರಾ ಎಂಬ ಮೇಕಪ್ ಅಂಗಡಿಯ ಹೆಸರು.

ಇದೆಲ್ಲ 2024ರಲ್ಲಿ ಕ್ಲಾರ್ಕ್ ಬಂದ ಮೇಲೆ ಆಗಿದ್ದು ಅನ್ನೋದು ಜನಪ್ರಿಯ ಕತೆ. ಅದರಲ್ಲಿ ಸತ್ಯ ಇಲ್ಲದೇ ಇಲ್ಲ. 2024ರ ಏಪ್ರಿಲ್‌ನ ಕಾಲೇಜು ಮಹಿಳಾ ಫೈನಲ್‌ನಲ್ಲಿ ಕ್ಲಾರ್ಕ್‌ಳ ಐಯೋವ ತಂಡ ಸೌತ್ ಕ್ಯಾರೊಲೈನ ವಿರುದ್ಧ ಆಡಿದಾಗ ಟಿವಿಯಲ್ಲಿ ನೋಡಿದವರು ಸರಾಸರಿ 1.89 ಕೋಟಿ. ಅದೇ ವರ್ಷದ ಪುರುಷರ ಫೈನಲ್ ನೋಡಿದವರು 1.48 ಕೋಟಿ. ಹೆಂಗಸರ ಫೈನಲ್ ಗಂಡಸರದನ್ನು ಮೀರಿಸಿದ್ದು ಅದೇ ಮೊದಲು. ಆ ವಾರವೇ ಕ್ಲಾರ್ಕ್ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಹಾಸ್ಯ ಕಾರ್ಯಕ್ರಮಕ್ಕೆ ಹೋದಳು. ಮಹಿಳಾ ಕ್ರೀಡೆಯನ್ನು ಲೇವಡಿ ಮಾಡುತ್ತಿದ್ದ ನಿರೂಪಕ ಮೈಕೆಲ್ ಚೇ ಬಾಯಿಂದಲೇ ಅವನ ಮೇಲಿನ ಜೋಕುಗಳನ್ನು ಓದಿಸಿದಳು. ಮಜಾ ಇತ್ತು. ಆದರೆ ಕೊನೆಗೆ ಆಕೆ ಹೇಳಿದ್ದನ್ನು ಬಹಳ ಜನ ಮರೆತಿದ್ದಾರೆ. ತನಗೆ ದಾರಿ ಮಾಡಿಕೊಟ್ಟವರು ಅಂತ ಐದು ಹೆಸರು ಹೇಳಿದಳು: ಶೆರಿಲ್ ಸ್ವೂಪ್ಸ್, ಲೀಸಾ ಲೆಸ್ಲಿ, ಸಿಂಥಿಯಾ ಕೂಪರ್, ಡಾನ್ ಸ್ಟೇಲಿ, ಮಾಯಾ ಮೂರ್. ಐವರೂ ಕಪ್ಪು ಮಹಿಳೆಯರು.

ಈ ಐವರಲ್ಲಿ ಮೊದಲ ಹೆಸರನ್ನೇ ತಗೊಳ್ಳಿ. ಮಹಿಳೆಯೊಬ್ಬಳ ಹೆಸರಿನಲ್ಲಿ ನೈಕಿ ಮೊದಲ ಬಾಸ್ಕೆಟ್‌ಬಾಲ್ ಶೂ ತಂದದ್ದು 1995ರಲ್ಲಿ, ಹೆಸರು 'ಏರ್ ಸ್ವೂಪ್ಸ್'. ಲೀಗ್ ಆಗ ಶುರುವೇ ಆಗಿರಲಿಲ್ಲ. 1997ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಲೀಗ್‌ನಲ್ಲಿ ಸ್ವೂಪ್ಸ್, ಕೂಪರ್ ಆಡಿದ ಹ್ಯೂಸ್ಟನ್ ಕಾಮೆಟ್ಸ್ ಸತತ ನಾಲ್ಕು ವರ್ಷ ಚಾಂಪಿಯನ್ ಆಯ್ತು. 2008ರಲ್ಲಿ ಆ ತಂಡವನ್ನೇ ಮುಚ್ಚಿದರು. ಕೊಳ್ಳುವವರು ಸಿಗಲಿಲ್ಲ. ಅಂದರೆ ಹೆಸರು, ಶೂ, ಟ್ರೋಫಿ ಎಲ್ಲಾ ಇತ್ತು. ಅವನ್ನು ನಂಬಿ ದುಡ್ಡು ಹಾಕುವವರು ಇರಲಿಲ್ಲ.

ಆ ಕಾಲದ ಲೀಗ್ ತನ್ನ ಆಟಗಾರ್ತಿಯರನ್ನು ಜಗತ್ತಿಗೆ ತೋರಿಸುತ್ತಿದ್ದ ರೀತಿಯೂ ವಿಚಿತ್ರ. ಲೀಸಾ ಲೆಸ್ಲಿಯ ಮಾಡೆಲಿಂಗ್, ಸ್ವೂಪ್ಸ್ ತಾಯಿಯಾದದ್ದು, ಇವೆಲ್ಲ ಪ್ರಚಾರದ ಮುಂದಿನ ಸಾಲಿಗೆ. ಗ್ಯಾಲರಿಯಲ್ಲಿ ಮೊದಲ ದಿನದಿಂದ ಕೂತಿದ್ದ ಲೆಸ್ಬಿಯನ್ ಅಭಿಮಾನಿಗಳು, ಅಂಗಳದಲ್ಲೇ ಇದ್ದ ಲೆಸ್ಬಿಯನ್ ಆಟಗಾರ್ತಿಯರು ಕ್ಯಾಮೆರಾ ಹಿಂದಕ್ಕೆ. ಪ್ರಾಯೋಜಕರಿಗೆ ಮುಜುಗರ ಆಗಬಾರದಲ್ಲ! ಸ್ವೂಪ್ಸ್ 2005ರಲ್ಲಿ ತನ್ನ ಪ್ರೀತಿಯನ್ನು ಬಹಿರಂಗ ಮಾಡಿದಾಗ ಅದು ದೊಡ್ಡ ಸುದ್ದಿ. ಲೀಗ್ ಅಧಿಕೃತವಾಗಿ ಈ ಅಭಿಮಾನಿಗಳನ್ನು ಸ್ವಾಗತಿಸುವ ಪ್ರಚಾರ ಶುರುಮಾಡಿದ್ದು 2014ರಲ್ಲಿ.

ಈಗ ನೋಡಿ. 2025ರ ಜುಲೈನ ಆಲ್-ಸ್ಟಾರ್ ವಾರಾಂತ್ಯದಲ್ಲಿ ಎಲ್ಲರ ಬಾಯಲ್ಲಿದ್ದದ್ದು ಲಿಂಕ್ಸ್ ತಂಡದ ಕರ್ಟ್ನಿ ವಿಲಿಯಮ್ಸ್ ಮತ್ತು ನಟೀಶಾ ಹೈಡ್‌ಮನ್. ತಲೆಗೆ ಗುಲಾಬಿ ಬಣ್ಣ ಹೊಡೆದುಕೊಂಡ ಈ ಇಬ್ಬರು ಗೆಳತಿಯರು 'ಸ್ಟಡ್‌ಬಡ್ಸ್' ಅಂತ ಹೆಸರಿಟ್ಟುಕೊಂಡು 72 ಗಂಟೆ ಟ್ವಿಚ್‌ನಲ್ಲಿ ನೇರಪ್ರಸಾರ ಮಾಡಿದರು. ಪಾರ್ಟಿ, ಹರಟೆ, ಕುಣಿತ, ತರಲೆ ಎಲ್ಲಾ. 'ಸ್ಟಡ್' ಅಂದರೆ ಗಂಡುಡುಗೆಯ ಕಪ್ಪು ಲೆಸ್ಬಿಯನ್‌ಗೆ ಅಲ್ಲಿನವರು ತಾವೇ ಇಟ್ಟುಕೊಂಡ ಹೆಸರು. ಒಂದು ಕಾಲಕ್ಕೆ ಲೀಗ್ ಬಚ್ಚಿಟ್ಟಿದ್ದೇ ಇವತ್ತು ಅದರ ಅತಿ ದೊಡ್ಡ ಆಕರ್ಷಣೆ. ನನಗಂತೂ ಇದು ಫ್ಯಾಷನ್ ಶೋಗಿಂತ ದೊಡ್ಡ ಬದಲಾವಣೆ ಅನ್ನಿಸುತ್ತೆ. ಯಾವ ಜಾಹೀರಾತು ಏಜೆನ್ಸಿಯೂ ಇದನ್ನು ಯೋಜಿಸಿರಲಿಲ್ಲ.

ಬಣ್ಣದ ಪ್ರಶ್ನೆಯನ್ನು ಬಿಟ್ಟು ಈ ಜನಪ್ರಿಯತೆಯ ಬಗ್ಗೆ ಮಾತಾಡೋಕಾಗಲ್ಲ. ವಿಲ್ಸನ್ 2025ರಲ್ಲಿ ನಾಲ್ಕನೇ ಸಲ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ್ತಿ. ಹಾಗೆ ನಾಲ್ಕು ಸಲ ಗೆದ್ದವರು ಲೀಗ್‌ನಲ್ಲಿ ಬೇರೆ ಯಾರೂ ಇಲ್ಲ. ಆಕೆಯ ತಂಡಕ್ಕೆ ನಾಲ್ಕು ವರ್ಷದಲ್ಲಿ ಮೂರು ಕಪ್. ಹಾಗಿದ್ದೂ ಮನೆಮನೆಗೆ ತಲುಪಿದ ಹೆಸರು ಕ್ಲಾರ್ಕ್‌ದು. ಕಪ್ಪು ಮಹಿಳೆಯರು ಏನು ಮಾಡಿದರೂ ಚಾಪೆ ಕೆಳಗೆ ಗುಡಿಸಿಬಿಡುತ್ತಾರೆ ಎಂಬರ್ಥದಲ್ಲಿ ವಿಲ್ಸನ್ 2024ರಲ್ಲೇ ಹೇಳಿದ್ದಳು. ಬಿಳಿಯಳಾಗಿ ತನಗೆ ಅನುಕೂಲ ಇದೆ, ಈ ಲೀಗನ್ನು ಕಟ್ಟಿದ್ದು ಕಪ್ಪು ಆಟಗಾರ್ತಿಯರು ಎಂದು ಕ್ಲಾರ್ಕ್ ಸಹ ಒಪ್ಪಿಕೊಂಡಳು. ಒಪ್ಪದವರು ಅಭಿಮಾನಿಗಳಲ್ಲಿ ಒಂದು ಗುಂಪು. ರೀಸ್ ಮತ್ತಿತರರ ಮೇಲೆ ಜನಾಂಗೀಯ ಬೈಗುಳ, ಬೆದರಿಕೆಯ ಮಳೆ. 2024ರ ಸೆಪ್ಟೆಂಬರ್‌ನಲ್ಲಿ ಟಿವಿಯಲ್ಲಿ ಇದರ ಬಗ್ಗೆ ಕೇಳಿದಾಗ ಲೀಗ್ ಕಮಿಷನರ್ ಕ್ಯಾಥಿ ಎಂಗಲ್‌ಬರ್ಟ್ ಖಂಡಿಸುವ ಬದಲು ಪೈಪೋಟಿ ಇದ್ದರೆ ಜನ ನೋಡುತ್ತಾರೆ ಎಂಬ ಧಾಟಿಯಲ್ಲಿ ಉತ್ತರಿಸಿದರು. ಆಮೇಲೆ ಕ್ಷಮೆ ಕೇಳಿದರು ಅನ್ನಿ. ಬೈಗುಳವನ್ನೂ ವೀಕ್ಷಕರ ಲೆಕ್ಕಕ್ಕೆ ಸೇರಿಸಿಕೊಂಡ ಆ ಗಳಿಗೆ ಆಟಗಾರ್ತಿಯರಿಗೆ ಮರೆತುಹೋಗಿಲ್ಲ.

ಇನ್ನೊಂದು ಮಾತು. ಕ್ಲಾರ್ಕ್ ಇಲ್ಲದಿದ್ದರೆ ಎಲ್ಲಾ ಬಿದ್ದುಹೋಗುತ್ತೆ ಅಂತಿದ್ದರಲ್ಲ, 2025ರಲ್ಲಿ ಅದರ ಪರೀಕ್ಷೆಯೂ ಆಯ್ತು. ಗಾಯದಿಂದಾಗಿ ಆಕೆ ಆಡಿದ್ದು 44ರಲ್ಲಿ 13 ಪಂದ್ಯ ಮಾತ್ರ. ಆದರೂ ಲೀಗ್‌ನ ಒಟ್ಟು ಪ್ರೇಕ್ಷಕರ ಸಂಖ್ಯೆ 2002ರ ದಾಖಲೆಯನ್ನು ಮುರಿಯಿತು (ಪಂದ್ಯಗಳ ಸಂಖ್ಯೆಯೂ ಹೆಚ್ಚಿದೆ, ಅದನ್ನೂ ಹೇಳಬೇಕು). ಆಕೆಯ ತಂಡ ಸೆಮಿಫೈನಲ್ ತಲುಪಿ, ಏಸಸ್ ವಿರುದ್ಧ ಐದನೇ ಪಂದ್ಯದ ಹೆಚ್ಚುವರಿ ಅವಧಿಯವರೆಗೂ ಹೋರಾಡಿತು. ಅಲ್ಲಿ ಮಿಂಚಿದ್ದು ಒಡಿಸ್ಸಿ ಸಿಮ್ಸ್. ಗಾಯಾಳುಗಳ ಜಾಗ ತುಂಬಲು ತಂಡಗಳು ನಡುವೆ ಕರೆಸಿಕೊಳ್ಳುವ ತಾತ್ಕಾಲಿಕ ಗುತ್ತಿಗೆ ಇರುತ್ತದೆ. ಆಗಸ್ಟ್‌ನಲ್ಲಿ ಹಾಗೆ ಬಂದವಳು ಈಕೆ. ಯಾವ ಬಿಲ್‌ಬೋರ್ಡ್ ಮೇಲೂ ಆಕೆಯ ಮುಖ ಇಲ್ಲ.

ಸಿಮ್ಸ್ ಹೆಸರನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಈ ಒಪ್ಪಂದದ ಜಗಳ ಅಂಥವರದ್ದು.

ದುಡ್ಡಿನ ಲೆಕ್ಕಕ್ಕೆ ಬರೋಣ. 2025ರಲ್ಲಿ ಡಬ್ಲ್ಯುಎನ್‌ಬಿಎಯ ಕನಿಷ್ಠ ಸಂಬಳ 66,079 ಡಾಲರ್. ಗರಿಷ್ಠ 2,49,244 ಡಾಲರ್. ಕ್ಲಾರ್ಕ್ ಸಂಬಳ 78,066. ಪುರುಷರ ಎನ್‌ಬಿಎಯಲ್ಲಿ ಆಗ ಹೊಸಬನಿಗೆ ಸಿಗುತ್ತಿದ್ದ ಕನಿಷ್ಠವೇ ಹನ್ನೆರಡೂಮುಕ್ಕಾಲು ಲಕ್ಷ ಡಾಲರ್ ಹತ್ತಿರ. ಸ್ಟೆಫ್ ಕರಿಗೆ 2025-26ರ ಸೀಸನ್‌ನಲ್ಲಿ 5.96 ಕೋಟಿ ಡಾಲರ್. ಇದನ್ನು ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗನಿಗೆ ಫೋನಲ್ಲಿ ಹೇಳಿದೆ. "ಅಕ್ಕ, ಅರವತ್ತಾರು ಸಾವಿರ ಡಾಲರ್ ಅಂದ್ರೆ ಐವತ್ತೆಂಟು ಲಕ್ಷ ರೂಪಾಯಿ! ಐದು ತಿಂಗಳು ಚೆಂಡಾಡೋಕೆ ಸಾಲದಾ?" ಅಂದ. ಸ್ಯಾನ್ ಫ್ರಾನ್ಸಿಸ್ಕೋದ ಬಾಡಿಗೆ ಗೊತ್ತಿದ್ದಿದ್ದರೆ ಹಾಗೆ ಕೇಳ್ತಿರಲಿಲ್ಲ. ಆದರೂ ಅವನಿಗೆ ಅರ್ಥವಾಗುವ ಒಂದು ಹೋಲಿಕೆ ಹೇಳಿದೆ. ನಮ್ಮ ಸ್ಮೃತಿ ಮಂಧಾನಾಗೆ 2023ರ ಡಬ್ಲ್ಯುಪಿಎಲ್ ಹರಾಜಿನಲ್ಲಿ ಆರ್‌ಸಿಬಿ ಕೊಟ್ಟಿದ್ದು 3.4 ಕೋಟಿ. ಆ ಟೂರ್ನಿ ಒಂದು ತಿಂಗಳೂ ಇರಲಿಲ್ಲ. ಅಮೆರಿಕದ ಈ ಲೀಗ್‌ನ ಅತಿ ಹೆಚ್ಚಿನ ಸಂಬಳ 2025ರಲ್ಲಿ ರೂಪಾಯಿಯಲ್ಲಿ 2.2 ಕೋಟಿ ಸುತ್ತಮುತ್ತ ಇತ್ತು. ಅವನು ಒಂದು ನಿಮಿಷ ಸುಮ್ಮನಾದ.

ಸಂಬಳ ಸಾಲದೆ ಈ ಆಟಗಾರ್ತಿಯರು ವರ್ಷಗಟ್ಟಲೆ ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಲ್ಲಿ ದುಡಿದರು. 2015ರಲ್ಲಿ ಡಯಾನಾ ತೌರಾಸಿಗೆ ರಷ್ಯಾದ ತಂಡವೊಂದು ಅಮೆರಿಕದ ಲೀಗ್‌ನಲ್ಲಿ ಆ ವರ್ಷ ಆಡಬೇಡ, ವಿಶ್ರಾಂತಿ ತಗೋ ಅಂತ ದುಡ್ಡು ಕೊಟ್ಟಿತು. ಅಮೆರಿಕದಲ್ಲಿ ಆಡಿದರೆ ಸಿಗುತ್ತಿದ್ದಕ್ಕಿಂತ ಆಡದೇ ಇದ್ದಿದ್ದಕ್ಕೆ ಸಿಕ್ಕಿದ್ದೇ ಜಾಸ್ತಿ. ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ ಹತ್ತು ತಿಂಗಳು ಸೆರೆಯಲ್ಲಿದ್ದಳಲ್ಲ, ಆಕೆ ಅಲ್ಲಿಗೆ ಹೋಗಿದ್ದೂ ಇದೇ ಕಾರಣಕ್ಕೆ. ಇತ್ತ ವಿಮಾನದ ಕತೆ ಕೇಳಿ: 2021ರಲ್ಲಿ ಲಿಬರ್ಟಿ ಮಾಲೀಕರು ತಮ್ಮ ಆಟಗಾರ್ತಿಯರಿಗೆ ಬಾಡಿಗೆ ವಿಮಾನ ಮಾಡಿಕೊಟ್ಟಿದ್ದಕ್ಕೆ ಲೀಗ್ ಐದು ಲಕ್ಷ ಡಾಲರ್ ದಂಡ ಹಾಕಿತ್ತು! ಬೇರೆ ತಂಡಗಳಿಗೆ ಅನ್ಯಾಯ ಆಗುತ್ತಂತೆ. ಎಲ್ಲ ತಂಡಗಳಿಗೂ ಬಾಡಿಗೆ ವಿಮಾನ ಬಂದಿದ್ದು 2024ರಲ್ಲಿ.

ಹಾಗಾದರೆ ಹೊಸ ದುಡ್ಡು ಎಲ್ಲಿಗೆ ಹೋಗ್ತಿದೆ? 2026ರಿಂದ 11 ವರ್ಷಕ್ಕೆ ಡಿಸ್ನಿ, ಅಮೆಜಾನ್, ಎನ್‌ಬಿಸಿಗಳ ಜೊತೆ 220 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದ ಆಗಿದೆ. ವಾಲ್ಕಿರೀಸ್ ಲೀಗ್ ಸೇರಲು ಕಟ್ಟಿದ ಶುಲ್ಕ 5 ಕೋಟಿ ಡಾಲರ್. 2025ರ ಜೂನ್‌ನಲ್ಲಿ ಘೋಷಣೆಯಾದ ಕ್ಲೀವ್‌ಲ್ಯಾಂಡ್, ಡೆಟ್ರಾಯ್ಟ್, ಫಿಲಡೆಲ್ಫಿಯಾ ತಂಡಗಳು ಕಟ್ಟುತ್ತಿರುವುದು ತಲಾ 25 ಕೋಟಿ ಡಾಲರ್. ಲೀಗ್‌ನ ಆದಾಯದಲ್ಲಿ ಎನ್‌ಬಿಎ ಗಂಡಸರಿಗೆ ಸಿಗುವ ಪಾಲು ಸುಮಾರು ಅರ್ಧ. 2025ರವರೆಗೆ ಹೆಂಗಸರಿಗೆ ಸಿಗುತ್ತಿದ್ದದ್ದು, ಅರ್ಥಶಾಸ್ತ್ರಜ್ಞರ ಅಂದಾಜಿನಂತೆ, ಶೇ. 10ಕ್ಕಿಂತ ಕಡಿಮೆ. 2020ರ ಒಪ್ಪಂದದಲ್ಲಿ ಆದಾಯ ಹಂಚಿಕೆಯ ಒಂದು ಷರತ್ತು ಇತ್ತು. ನಿಗದಿತ ಗುರಿ ದಾಟಿದರೆ ಮೇಲಿನದ್ದರಲ್ಲಿ ಪಾಲು. ಆದರೆ ಗುರಿಯ ಲೆಕ್ಕ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುವಂಥದ್ದು. ಒಪ್ಪಂದ ಆದ ಕೂಡಲೇ ಕೋವಿಡ್ ಬಂತು, ಗ್ಯಾಲರಿ ಖಾಲಿಯಾಯ್ತು, ಆ ಕೊರತೆ ಹೊತ್ತುಕೊಂಡು ವರ್ಷಗಟ್ಟಲೆ ಗುರಿ ಮುಟ್ಟಲು ಆಗಲಿಲ್ಲ.

ಮಾಲೀಕರ ಕಡೆಯ ವಾದವನ್ನೂ ಕೇಳಬೇಕು. ಲೀಗ್ ಹುಟ್ಟಿದಾಗಿನಿಂದ ನಷ್ಟದಲ್ಲಿದೆ, ಆ ನಷ್ಟವನ್ನು ಇಷ್ಟು ವರ್ಷ ಹೊತ್ತವರು ನಾವು, ಈಗ ಲಾಭದ ವಾಸನೆ ಬಂದ ಕೂಡಲೇ ಪಾಲು ಕೇಳಿದರೆ ಹೇಗೆ ಅನ್ನುತ್ತಾರೆ. ಸೇರ್ಪಡೆ ಶುಲ್ಕವನ್ನು ನಿತ್ಯದ ಆದಾಯ ಅನ್ನೋಕಾಗಲ್ಲ ಎಂಬುದೂ ನಿಜ. ಹೊಸ ತಂಡ ಬಂದರೆ ಮುಂದಿನ ಪ್ರಸಾರದ ಹಣ ಇನ್ನಷ್ಟು ಜನಕ್ಕೆ ಹಂಚಿಹೋಗುತ್ತೆ. ಇದನ್ನು ನಾನು ತಳ್ಳಿಹಾಕಲ್ಲ. ಆದರೆ ನಷ್ಟದ ಅಂಗಡಿಯ ಬಾಗಿಲಲ್ಲಿ 25 ಕೋಟಿ ಡಾಲರ್ ಹಿಡಿದು ಕ್ಯೂ ನಿಲ್ಲುವವರು ದಡ್ಡರೇ? ಮುಂದೆ ಇದರ ಬೆಲೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಬೆಲೆ ಏರಿದರೆ ಲಾಭ ಮಾಲೀಕರದು. ಲೀಗ್‌ನಲ್ಲಿ ಪುರುಷರ ಎನ್‌ಬಿಎಗೆ ಶೇ. 42ರಷ್ಟು ಪಾಲಿದೆ. ಪ್ರಸಾರ ಹಕ್ಕನ್ನು ಮಾತಾಡಿ ಕುದುರಿಸಿದ್ದೂ ಎನ್‌ಬಿಎಯೇ, ತನ್ನ 7,600 ಕೋಟಿ ಡಾಲರ್‌ನ ಒಪ್ಪಂದದ ಜೊತೆಯಲ್ಲಿ. ಇದರಲ್ಲಿ ಹೆಂಗಸರ ಲೀಗ್‌ನ ನಿಜವಾದ ಬೆಲೆ ಎಷ್ಟು ಅಂತ ಬೇರೆಯಾಗಿ ಮಾರುಕಟ್ಟೆಯಲ್ಲಿ ಯಾರೂ ಕೂಗಿ ನೋಡಲಿಲ್ಲ. 2025ರ ಅಕ್ಟೋಬರ್ 21ರಂದು ಎನ್‌ಬಿಎ ಕಮಿಷನರ್ ಆಡಂ ಸಿಲ್ವರ್ ಟಿವಿಯಲ್ಲಿ, ಆಟಗಾರ್ತಿಯರಿಗೆ ದೊಡ್ಡ ಏರಿಕೆ ಖಂಡಿತ ಸಿಗುತ್ತೆ, ಆದರೆ ಶೇಕಡಾವಾರು ಪಾಲನ್ನು ನೋಡಬಾರದು, ಮೊತ್ತವನ್ನು ನೋಡಬೇಕು ಎಂಬರ್ಥದಲ್ಲಿ ಮಾತಾಡಿದರು. ಹೆಂಗಸರು ಕೇಳುತ್ತಿದ್ದದ್ದು ಬರೀ ಪಾಲನ್ನೇ. ಗಂಡಸರಷ್ಟು ಸಂಬಳ ಬೇಡ, ಅವರಿಗೆ ಆದಾಯದಲ್ಲಿ ಸಿಗುವ ರೀತಿಯ ಪಾಲು ಬೇಕು ಅಂತ ಕೆಲ್ಸಿ ಪ್ಲಮ್ 2022ರಲ್ಲೇ ಹೇಳಿದ್ದಳು. ವ್ಯಾಪಾರ ಬೆಳೆದಂತೆ ಸಂಬಳವೂ ತಾನಾಗೇ ಬೆಳೆಯಬೇಕು ಅನ್ನೋದು ಅದರ ತಾತ್ಪರ್ಯ. ನಿಗದಿತ ಮೊತ್ತ ಒಪ್ಪಿಕೊಂಡರೆ ಮುಂದಿನ ಏಳೆಂಟು ವರ್ಷ ಮತ್ತದೇ ಹಾಡು.

ಜನಪ್ರಿಯತೆಯ ದುಡ್ಡು ಹೇಗೂ ಸಿಗುತ್ತಿದೆಯಲ್ಲ ಅಂತ ಕೆಲವರು ಕೇಳ್ತಾರೆ. ಕ್ಲಾರ್ಕ್‌ಗೆ ನೈಕಿಯಿಂದ ಎಂಟು ವರ್ಷಕ್ಕೆ 2.8 ಕೋಟಿ ಡಾಲರ್ ಅಂತ ವರದಿಯಾಗಿದೆ. ರೀಸ್ ಸಂಬಳ ತನ್ನ ಮನೆಬಾಡಿಗೆಗೂ ಸಾಲಲ್ಲ ಅಂತ ಆಕೆಯೇ ಹೇಳಿದ್ದಳು, ಅವಳ ಬದುಕು ನಡೆಯುತ್ತಿದ್ದದ್ದು ಜಾಹೀರಾತಿನಿಂದ. ಸರಿ, ಆದರೆ 2025ರಲ್ಲಿ ಲೀಗ್‌ನಲ್ಲಿ ಸುಮಾರು ನೂರೈವತ್ತು ಆಟಗಾರ್ತಿಯರಿದ್ದರು. ಶೂ ಕಂಪನಿ ಹುಡುಕಿಕೊಂಡು ಬರೋದು ಹತ್ತು-ಹನ್ನೆರಡು ಜನರನ್ನು. ಯಾರ ಮುಖ ಮಾರುತ್ತೆ ಅಂತ ತೀರ್ಮಾನಿಸುವವರೂ ಆ ಕಂಪನಿಗಳೇ. ಅಲ್ಲಿ ಬಣ್ಣ, ರೂಪ, ಯಾರನ್ನು ಪ್ರೀತಿಸುತ್ತಾಳೆ ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಸಾಮೂಹಿಕ ಒಪ್ಪಂದದಲ್ಲಿ ಮಾತ್ರ ಸಿಮ್ಸ್‌ಗೂ ಕ್ಲಾರ್ಕ್‌ಗೂ ಒಂದೇ ಕಾಗದ.

ಆ ಕಾಗದಕ್ಕಾಗಿ ಒಟ್ಟಿಗೆ ನಿಲ್ಲೋದು ಇವರಿಗೆ ಹೊಸದಲ್ಲ. 2016ರಲ್ಲಿ ಪೊಲೀಸ್ ಗುಂಡಿಗೆ ಬಲಿಯಾದ ಕಪ್ಪು ಜನರಿಗಾಗಿ ಟೀ-ಶರ್ಟ್ ತೊಟ್ಟಾಗ ಲೀಗ್ ದಂಡ ಹಾಕಿತ್ತು, ಜನ ಉಗಿದ ಮೇಲೆ ವಾಪಸ್ ಪಡೆಯಿತು. 2020ರಲ್ಲಿ ಅಟ್ಲಾಂಟಾ ಡ್ರೀಮ್ ತಂಡದ ಸಹ ಮಾಲೀಕಳೂ ರಿಪಬ್ಲಿಕನ್ ಸೆನೆಟರೂ ಆಗಿದ್ದ ಕೆಲ್ಲಿ ಲೆಫ್ಲರ್ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಅನ್ನು ವಿರೋಧಿಸಿದಾಗ, ಆಕೆಯದೇ ತಂಡದವರು ಎದುರಾಳಿ ರಾಫಾಯಲ್ ವಾರ್ನಾಕ್‌ಗೆ ಓಟು ಹಾಕಿ ಅಂತ ಶರ್ಟ್ ತೊಟ್ಟರು. ಐದು ತಿಂಗಳಲ್ಲಿ ವಾರ್ನಾಕ್ ಗೆದ್ದ, ಮರುತಿಂಗಳು ಡ್ರೀಮ್ ತಂಡವೂ ಬೇರೆಯವರ ಕೈಸೇರಿತು. 2025ರ ಜುಲೈ 19ರಂದು ಇಂಡಿಯಾನಾಪೊಲಿಸ್‌ನ ಆಲ್-ಸ್ಟಾರ್ ಪಂದ್ಯಕ್ಕೆ ಮೊದಲು ಎರಡೂ ತಂಡದವರು ತೊಟ್ಟ ಕಪ್ಪು ಶರ್ಟಿನ ಮೇಲೆ ಇದ್ದದ್ದು, ನಮಗೆ ಕೊಡಬೇಕಾದ್ದನ್ನು ಕೊಡಿ ಎಂಬ ಮಾತು. ಗಾಯಗೊಂಡು ಆಡದಿದ್ದ ಕ್ಲಾರ್ಕ್ ಸಹ ತೊಟ್ಟಿದ್ದಳು. ಪ್ರಶಸ್ತಿ ಕೊಡಲು ಕಮಿಷನರ್ ಬಂದಾಗ ಗ್ಯಾಲರಿಯಿಂದ "ಪೇ ದೆಮ್" ಎಂಬ ಕೂಗು. 2025ರ ಸೆಪ್ಟೆಂಬರ್ 30ರಂದು ಲಿಂಕ್ಸ್‌ನ ನಫೀಸಾ ಕಾಲಿಯರ್ ಲೀಗ್‌ನ ನಾಯಕತ್ವವೇ ಪ್ರಪಂಚದಲ್ಲಿ ಅತಿ ಕೆಟ್ಟದ್ದು ಅಂತ ಬರೆದುಕೊಂಡು ಬಂದು ಓದಿದಳು. ಆಕೆ ಆಗ ಸಂಘದ ಉಪಾಧ್ಯಕ್ಷೆಯೂ ಆಗಿದ್ದಳು. ಬ್ರಿಯಾನಾ ಸ್ಟೀವರ್ಟ್ ಜೊತೆ ಸೇರಿ 'ಅನ್‌ರೈವಲ್ಡ್' ಎಂಬ ಪರ್ಯಾಯ ಲೀಗನ್ನೇ ಕಟ್ಟಿದ್ದಾಳೆ. ಚಳಿಗಾಲದ ಆ ಪುಟ್ಟ ಲೀಗ್‌ನ ಸರಾಸರಿ ಸಂಬಳ ಎರಡು ಲಕ್ಷ ಡಾಲರ್‌ಗೂ ಮೇಲೆ, ಜೊತೆಗೆ ಮಾಲೀಕತ್ವದಲ್ಲಿ ಪಾಲು.

ಇನ್ನೊಂದು ಜಾಣತನವನ್ನೂ ಗಮನಿಸಿ. ಲೀಗ್‌ನ ಹೆಚ್ಚುಕಡಿಮೆ ಎಲ್ಲ ಹಿರಿಯ ಆಟಗಾರ್ತಿಯರೂ ತಮ್ಮ ವೈಯಕ್ತಿಕ ಗುತ್ತಿಗೆ 2025ರಲ್ಲೇ ಮುಗಿಯುವಂತೆ ಮೊದಲೇ ನೋಡಿಕೊಂಡಿದ್ದರು. ಒಪ್ಪಂದ ಮುಗಿದರೆ ಲೀಗ್ ಕೈಯಲ್ಲಿ ಹೆಸರು ಇರುತ್ತಿತ್ತು, ಕ್ರೀಡಾಂಗಣ ಇರುತ್ತಿತ್ತು, ಟಿವಿ ಒಪ್ಪಂದ ಇರುತ್ತಿತ್ತು, ಆಡುವವರು ಬಹುತೇಕ ಇರುತ್ತಿರಲಿಲ್ಲ. ನಮ್ಮ ಸ್ಮೃತಿ, ಶ್ರೇಯಾಂಕಾ ಇವರಿಗೆ ಹರಾಜಿನಲ್ಲಿ ಒಳ್ಳೆ ಬೆಲೆ ಸಿಗಬಹುದು. ಆದರೆ ಹೀಗೆ ಮಂಡಳಿಯ ಎದುರು ಕೂತು ಪಾಲು ಕೇಳುವ ಹಾಲಿ ಆಟಗಾರರ ಸಂಘ ಭಾರತದ ಕ್ರಿಕೆಟ್ಟಿನಲ್ಲಿ ಗಂಡಸರಿಗೂ ಇಲ್ಲ, ಹೆಂಗಸರಿಗೂ ಇಲ್ಲ. ನನ್ನ ತಮ್ಮನಿಗೆ ಇದನ್ನೂ ಹೇಳಿದೆ. "ಬೇಕಾ ಅಕ್ಕ ಅದೆಲ್ಲ?" ಅಂದ. ಅವನ ಜೊತೆ ಆ ವಾದ ಇನ್ನೂ ಮುಗಿದಿಲ್ಲ.

ಮೊನ್ನೆ ವಾಲ್ಕಿರೀಸ್‌ನ ಮುಂದಿನ ವರ್ಷದ ಟಿಕೆಟ್ಟಿಗೆ ಮುಂಗಡ ಕಟ್ಟಿದೆ. ವೆರೋನಿಕಾ ಬರ್ಟನ್ ಮತ್ತೆ ಇಲ್ಲೇ ಆಡಿದರೆ ಸಾಕು ಅಂತ ಆಸೆ. ಹಳೆಯ ತಂಡ ಬೇಡ ಎಂದು ಬಿಟ್ಟಿದ್ದ ಹುಡುಗಿ 2025ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ್ತಿ ಪ್ರಶಸ್ತಿ ಗೆದ್ದಿದ್ದಾಳೆ. ಮೇ ತಿಂಗಳಲ್ಲಿ ಆಟ ತಡವಾಗಿ ಶುರುವಾದರೆ ಆ ಮುಂಗಡ ವಾಪಸ್ ಕೇಳುವ ಯೋಚನೆ ನನಗಿಲ್ಲ.